ಹರ್ನಿಯಾ ಆಪರೇಷನ್ ಆದ ದಿನವೇ ಮನೆಗೆ ಹೊರಟರೆ

ತೊಡೆಸಂದಿನ ಹರ್ನಿಯಾ ಆಪರೇಷನ್ ಆದವರನ್ನು ಈಗ ಅದೇ ಸಂಜೆಯೋ ಮರುದಿನವೋ ಮನೆಗೆ ಕಳಿಸುತ್ತಾರೆ. ನಮ್ಮ ಮಾವನವರಿಗೆ ಹಾಸನದಲ್ಲಿ ಮಾಡಿಸಿದೆವು. ಮನೆ ಇರುವುದು ಸಕಲೇಶಪುರದ ಆಚೆ, ಕಾಫಿ ತೋಟದೊಳಗೆ. ಇಷ್ಟು ದೂರದವರು ಡಿಸ್ಚಾರ್ಜ್ ಅಂದ ಕೂಡಲೇ ಬ್ಯಾಗ್ ಎತ್ತಿಕೊಳ್ಳಬಾರದು.

ಮೊದಲು ಮೂತ್ರ ಹೋಯಿತಾ ನೋಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದಾಗ ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ. ಪ್ರೋಸ್ಟೇಟ್ ತೊಂದರೆ ಇರುವ ವಯಸ್ಸಾದವರಿಗೆ ಇನ್ನೂ ಜಾಸ್ತಿ. ಮಾವ ಸಂಕೋಚಕ್ಕೆ "ಹೋಯ್ತು ಬಿಡಮ್ಮ" ಅಂದರು. ಸಿಸ್ಟರ್ ಹತ್ತಿರ ಕೇಳಿದರೆ ಇನ್ನೂ ಹೋಗಿರಲಿಲ್ಲ. ಹೋಗುವ ತನಕ ಅಲ್ಲೇ ಕಾದೆವು. ಊರು ಸೇರಿದ ಮೇಲೆ ಹೊಟ್ಟೆ ಉಬ್ಬಿ ಒದ್ದಾಡಿದರೆ ರಾತ್ರಿಯಲ್ಲಿ ಯಾರು ಕರೆತರಬೇಕು?

ತಲೆ ಸುತ್ತದೆ ನಡೆಯಬೇಕು, ಕುಡಿದದ್ದು ವಾಂತಿಯಾಗಬಾರದು, ನೋವು ಮಾತ್ರೆಗೆ ತಡೆಯುವಂತಿರಬೇಕು. ಮಾತ್ರೆಗಳನ್ನು ಹಾಸನದಲ್ಲೇ ಕೊಂಡುಬಿಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅದನ್ನು ಮತ್ತೆ ಯಾವಾಗ ಶುರು ಮಾಡಬೇಕು ಅಂತ ಬರೆಸಿಕೊಳ್ಳಿ. ಸ್ನಾನ ಯಾವಾಗ, ಹೊಲಿಗೆ ಯಾವಾಗ ತೋರಿಸಬೇಕು, ಇವನ್ನೂ ಕೇಳಿ. ಮೊದಲ ರಾತ್ರಿ ಒಬ್ಬರು ಪಕ್ಕದಲ್ಲೇ ಮಲಗಲಿ.

ಮನೆಯಲ್ಲಿ ದೊಡ್ಡ ಚಿಂತೆ ಮಲಬದ್ಧತೆಯದು. ಕೆಲವು ನೋವಿನ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ. ತಿಣುಕಿದರೆ ಆಪರೇಷನ್ ಆದ ಜಾಗಕ್ಕೆ ಒತ್ತಡ ಬೀಳುತ್ತದೆ. ನಾನು ಸೊಪ್ಪಿನ ಸಾರು, ಪಪ್ಪಾಯಿ, ಧಾರಾಳವಾಗಿ ನೀರು ಕೊಟ್ಟೆ. ಕೂತು ಏಳಲು ಕಷ್ಟ ಅಂತ ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟಿದ್ದೆವು. ಕೆಮ್ಮು ಬಂದರೆ ಆ ಜಾಗಕ್ಕೆ ದಿಂಬು ಒತ್ತಿ ಹಿಡಿದುಕೊಂಡು ಕೆಮ್ಮಬೇಕು. ನಮ್ಮ ಕಡೆ ಚಳಿಗಾಲದಲ್ಲಿ ಇದು ತುಂಬಾ ಉಪಯೋಗಕ್ಕೆ ಬಂತು.

ಸುಮ್ನೆ ಮಲಗಿಸಬೇಡಿ. ಅಂಗಳದಲ್ಲಿ ನಿಧಾನವಾಗಿ ಓಡಾಡಲಿ. ಆದರೆ ಭಾರ ಎತ್ತುವುದು ಬೇಡವೇ ಬೇಡ. ಸಾಮಾನ್ಯವಾಗಿ 4ರಿಂದ 6 ವಾರ ಅಂತಾರೆ, ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ. ಕಣದಲ್ಲಿ ಕಾಫಿ ಒಣಗುತ್ತಿದ್ದರೆ ತೋಟದವರ ಕೈ ಸುಮ್ಮನಿರುವುದಿಲ್ಲ ಅಲ್ವಾ? ಮೂಟೆ ಎಳೆಯುವುದು, ಹಂಡೆಗೆ ನೀರು ಎತ್ತಿ ಸುರಿಯುವುದು, ಎರಡನ್ನೂ ಮನೆಯವರೇ ವಹಿಸಿಕೊಳ್ಳಿ.

ಬೀಜದ ಚೀಲ ಸ್ವಲ್ಪ ಊದಿ ನೀಲಿಗಟ್ಟುವುದು ಸಾಮಾನ್ಯ. ಬಿಗಿಯಾದ ಒಳಚಡ್ಡಿ ಹಾಕಿದರೆ ಆರಾಮ. ಊತ ಏರುತ್ತಲೇ ಹೋದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಆಸ್ಪತ್ರೆಗೆ ಫೋನ್ ಮಾಡಿ, ಅದೇ ದಿನ ತೋರಿಸಿ. ಬ್ಯಾಂಡೇಜ್ ರಕ್ತದಲ್ಲಿ ನೆನೆದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ, ಉಸಿರಾಟ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ.