ಹಿಡಿ ಹಿಡಿ ಅಂದರೆ ಹಿಡಿಯೋಕೆ ಬರಲ್ಲ

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನನ್ನ ಮಗನ ಫ್ಲ್ಯಾಗ್ ಫುಟ್‌ಬಾಲ್ ಟೀಮಿಗೆ ನಾನು ಕೋಚ್ ಆಗಿದ್ದು ಸುಮ್ನೆ ಕೈ ಎತ್ತಿದ್ದಕ್ಕೆ. "ಯಾರಾದರೂ ಅಪ್ಪಂದಿರು ಬರ್ತೀರಾ?" ಅಂತ ಕೇಳಿದಾಗ ಉಳಿದವರೆಲ್ಲ ಫೋನ್ ನೋಡುತ್ತಿದ್ದರು. ನಾನು ಮಂಡ್ಯದಲ್ಲಿ ಓದುವಾಗ ಕಾಲೇಜ್ ಟೀಮಿಗೆ ಕಬಡ್ಡಿ ಆಡಿದವನು. ಲೆಫ್ಟ್ ಕಾರ್ನರ್. ಮೊಣಕಾಲಿನ ಲಿಗಮೆಂಟ್ ಹೋದ ಮೇಲೆ ಆಟ ಬಿಟ್ಟೆ. ಓಡೋನನ್ನು ಹಿಡಿಯೋದು ತಾನೇ, ನನಗೆ ಬರಲ್ವಾ ಅನ್ನೋ ಧೈರ್ಯ.

ಫ್ಲ್ಯಾಗ್ ಫುಟ್‌ಬಾಲ್ ಅಂದರೆ ಮೈಗೆ ಮೈ ಗುದ್ದದ ಅಮೆರಿಕನ್ ಫುಟ್‌ಬಾಲ್. ನಮ್ಮದು ಐದೈದು ಜನರ ಆಟ. ಸೊಂಟದ ಬೆಲ್ಟಿಗೆ ಎರಡು ಪಟ್ಟಿ ನೇತಾಡುತ್ತಿರುತ್ತವೆ. ಬಾಲ್ ಹಿಡಿದು ಓಡುವವನ ಒಂದು ಪಟ್ಟಿ ಕಿತ್ತರೆ ಅವನು ಅಲ್ಲೇ ನಿಲ್ಲಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲೂ ಈ ಆಟ ಇದೆ. ನಮ್ಮ ಹುಡುಗರಿಗೆ ಒಂಬತ್ತು, ಹತ್ತು ವರ್ಷ.

ಮೊದಲ ಮ್ಯಾಚಿನಲ್ಲಿ ಐದು ಟಚ್‌ಡೌನ್ ಕೊಟ್ಟೆವು, ಅಂದರೆ ಐದು ಸಲ ಎದುರಾಳಿ ಬಾಲ್ ಹಿಡಿದು ನಮ್ಮ ಕೊನೆಯ ಗೆರೆ ದಾಟಿದರು. ನಾವು ಒಂದೂ ಮಾಡಲಿಲ್ಲ. ನಾನು ಗೆರೆಯ ಆಚೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗ ಅಂದ: "ಅಪ್ಪ, ನೀನು ಹಿಡಿ ಹಿಡಿ ಅಂತೀಯ ಅಷ್ಟೇ. ಹೇಗೆ ಹಿಡೀಬೇಕು ಅಂತ ಹೇಳಲ್ವಲ್ಲ."

ಉತ್ತರ ಇರಲಿಲ್ಲ. ಹೇಗೆ ಹಿಡಿಯುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಆ ವಾರ ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ಡಿಮೆಕೊ ರಯನ್ಸ್. ಇಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಅಲಬಾಮಾದ ಹುಡುಗ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೊಸಬರನ್ನು ಆರಿಸುವ 2006ರ ಡ್ರಾಫ್ಟಿನಲ್ಲಿ 33ನೆಯವನಾಗಿ ನಮ್ಮೂರಿನ ಟೀಮ್ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಬಂದು, ಅದೇ ವರ್ಷ ಲೀಗಿನ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ ಅನ್ನಿಸಿಕೊಂಡ ಲೈನ್‌ಬ್ಯಾಕರ್, ಅಂದರೆ ಓಡುವವರನ್ನು ಹಿಡಿದು ಕೆಡವುವವನು. ಲೀಗಿನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಎರಡು ಸಲ ಆಯ್ಕೆ. 2010ರಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ಹರಿಯಿತು. ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ ಮೇಲೆ 2014ರಲ್ಲಿ ಮತ್ತೆ ಅಕಿಲಿಸ್. ಒಟ್ಟು ಹತ್ತು ಸೀಸನ್.

ಆಮೇಲೆ ಅವರು ಮಾಡಿದ್ದೇ ನನಗೆ ಮುಖ್ಯ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಟೀಮಿನಲ್ಲಿ ಕ್ವಾಲಿಟಿ ಕಂಟ್ರೋಲ್ ಕೋಚ್ ಆಗಿ ಸೇರಿದರು. ಹೆಸರು ಕೇಳಿದರೆ ಯಾವುದೋ ಕಾರ್ಖಾನೆಯ ಹುದ್ದೆ ಅನ್ನಿಸುತ್ತೆ. ಕೋಚ್‌ಗಳ ಏಣಿಯಲ್ಲಿ ಅದು ಕೆಳಗಿನ ಮೆಟ್ಟಿಲು. ಎದುರಾಳಿಯ ವಿಡಿಯೊವನ್ನು ಒಂದೊಂದೇ ಪ್ಲೇ ಆಗಿ, ಅಂದರೆ ಬಾಲ್ ಹೊರಟು ನಿಲ್ಲುವವರೆಗಿನ ತುಂಡಾಗಿ, ಕತ್ತರಿಸೋದು, ಯಾವ ಡೌನು (ಎಷ್ಟನೇ ಪ್ರಯತ್ನ), ಎಷ್ಟು ಯಾರ್ಡ್ ಬೇಕಿತ್ತು, ಯಾರು ಎಲ್ಲಿ ನಿಂತಿದ್ದರು ಅಂತ ಬರೆದಿಡೋದು, ಪ್ರಾಕ್ಟೀಸಿಗೆ ಕಾರ್ಡ್ ಬಿಡಿಸಿಕೊಡೋದು. ಹತ್ತು ವರ್ಷ ಸ್ಟೇಡಿಯಮ್ಮಿನ ಚಪ್ಪಾಳೆ ಕೇಳಿದವನು ಕತ್ತಲೆ ರೂಮಿನಲ್ಲಿ ರಿವೈಂಡ್ ಒತ್ತುತ್ತಾ ಕೂರೋದು! ಮುಂದಿನ ವರ್ಷ ಲೈನ್‌ಬ್ಯಾಕರ್‌ಗಳ ಕೋಚ್, 2021ರಲ್ಲಿ ಇಡೀ ಡಿಫೆನ್ಸಿನ ಜವಾಬ್ದಾರಿ. 2022ರಲ್ಲಿ ಲೀಗಿನಲ್ಲೇ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ಟೀಮ್ ಅದು. 2023ರಲ್ಲಿ ಟೆಕ್ಸನ್ಸ್‌ಗೇ ಹೆಡ್ ಕೋಚ್ ಆಗಿ ವಾಪಸ್ ಬಂದರು. ಹಿಂದಿನ ವರ್ಷ ಬರೀ 3 ಮ್ಯಾಚ್ ಗೆದ್ದಿದ್ದ ಟೀಮು 10 ಗೆದ್ದು ಪ್ಲೇಆಫ್‌ಗೆ ಹೋಯ್ತು. ಮೂರು ವರ್ಷದಲ್ಲಿ ಮೂರನೇ ಹೆಡ್ ಕೋಚ್ ನೋಡುತ್ತಿದ್ದ ಊರಿಗೆ ಅದು ಹಬ್ಬ.

ಅಷ್ಟು ದೊಡ್ಡ ಆಟಗಾರ ಆ ಕೆಲಸಕ್ಕೆ ಯಾಕೆ ಹೋದ ಅಂತ ಮೊದಲು ಅನ್ನಿಸಿತ್ತು. ಮಗ ಹಾಗೆ ಕೇಳಿದ ಮೇಲೆ ಸ್ವಲ್ಪ ಅರ್ಥ ಆಯಿತು. ಕಾಲಿಗೆ ಗೊತ್ತಿರುವುದನ್ನು ಬಾಯಿಗೆ ತರಬೇಕಾದರೆ ಹಾಗೆ ಕೂರಲೇಬೇಕೇನೋ.

ನಾನೂ ಕೂತೆ. ಮುಂದಿನ ಮ್ಯಾಚಿಗೆ ಮೈದಾನದ ಮೂಲೆಯಲ್ಲಿ ಫೋನನ್ನು ಟ್ರೈಪಾಡ್ ಮೇಲೆ ಇಟ್ಟೆ. ರಾತ್ರಿ ಊಟ ಆದ ಮೇಲೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್. ಒಂದೊಂದು ಪ್ಲೇಯನ್ನೂ ನಾಲ್ಕೈದು ಸಲ ನಿಧಾನಕ್ಕೆ ಓಡಿಸಿದೆ. ಹನ್ನೊಂದನೆಯದರ ಹೊತ್ತಿಗೆ ಕಣ್ಣಿಗೆ ಬಿತ್ತು. ನಮ್ಮ ಹುಡುಗರೆಲ್ಲ ಓಡುವವನ ಮುಖ ನೋಡುತ್ತಿದ್ದಾರೆ. ಅವನು ತಲೆ ಎಡಕ್ಕೆ ಆಡಿಸಿದರೆ ಇವರೂ ಎಡಕ್ಕೆ. ಅವನು ಬಲಕ್ಕೆ ಹೋಗಿರುತ್ತಾನೆ.

ಕಬಡ್ಡಿಯಲ್ಲಿ ನಾನು ಯಾವತ್ತೂ ರೈಡರ್ ಮುಖ ನೋಡಿದವನಲ್ಲ. ಸೊಂಟ, ಕಾಲು, ಅಷ್ಟೇ. ಅದು ಮೈಗೆ ಅಂಟಿಕೊಂಡಿತ್ತು, ಮಾತಲ್ಲಿ ಇರಲಿಲ್ಲ.

ಹಾಗಾಗಿ ಮುಂದಿನ ಪ್ರಾಕ್ಟೀಸಿನಲ್ಲಿ ಬಾಲನ್ನೇ ಚೀಲದಿಂದ ತೆಗೆಯಲಿಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ನಡೆದುಕೊಂಡು ಬರುವವನ ಪಟ್ಟಿ ಕೀಳಿಸಿದೆ. ಎರಡು ಮಾರು ದೂರ ಇರುವವರೆಗೆ ಜೋರಾಗಿ ಓಡು. ಅಲ್ಲಿಂದ ಚಿಕ್ಕ ಚಿಕ್ಕ ಹೆಜ್ಜೆ. ಮೊಣಕಾಲು ಮಡಚು. ಕಣ್ಣು ಸೊಂಟದ ಮೇಲೆ. ಹತ್ತಿರದ ಕೈ ಹಾಕು, ಹಾರಬೇಡ. ಒಬ್ಬ ಹುಡುಗ ಇದ್ದ, ಪ್ರತಿ ಸಲವೂ ಮೀನಿನ ಹಾಗೆ ಹಾರಿ ಹುಲ್ಲಿನ ಮೇಲೆ ಮಲಗುತ್ತಿದ್ದ. ಅವನನ್ನು ಮಂಡಿಯೂರಿಸಿ ಕೂರಿಸಿ, ಬೇರೆಯವರನ್ನು ಅವನ ಪಕ್ಕದಲ್ಲಿ ಓಡಿಸಿದೆ. ಹಾರೋಕೆ ಆಗದ ಹಾಗೆ. ಐದನೇ ಸಲ 'ಪಟ್' ಅಂತ ಪಟ್ಟಿ ಬಿಚ್ಚಿಕೊಂಡ ಸದ್ದು. ಅವನು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪಟ್ಟಿ ನೋಡಿದ.

ತಪ್ಪೂ ಮಾಡಿದೆ. ಇಬ್ಬರು ಕೈ ಹಿಡಿದುಕೊಂಡು ಚೈನ್ ಹಾಕೋದನ್ನು ಹೇಳಿಕೊಟ್ಟೆ. ಮ್ಯಾಚಿನಲ್ಲಿ ಆ ಜೋಡಿ ಓಡುವ ಹುಡುಗನನ್ನು ಎರಡು ಕೈ ನಡುವೆ ಸಿಕ್ಕಿಸಿಕೊಂಡಿತು. ರೆಫ್ರಿ ಪೆನಾಲ್ಟಿ ಕೊಟ್ಟು, ನನ್ನ ಕಡೆ ತಿರುಗಿ ಯಾವ ಗ್ರಹದಿಂದ ಬಂದೆ ಅನ್ನೋ ಹಾಗೆ ನೋಡಿದರು. ಕೈ ಬಿಡಿಸಿದೆ, ಚೈನ್ ಉಳಿಸಿಕೊಂಡೆ. ಒಬ್ಬ ಹೊರಗಿನ ದಾರಿ ಮುಚ್ಚಬೇಕು, ಓಡುವವನು ಒಳಗೆ ತಿರುಗುತ್ತಾನೆ, ಅಲ್ಲಿ ಇನ್ನೊಬ್ಬ ಕಾಯುತ್ತಿರಬೇಕು. ಇದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಅಟ್ಯಾಕ್ ಕಡೆ ನಾನು ಮಾಡಿದ್ದು ಒಂದೇ, ಹುಡುಗರು ನೆನಪಿಟ್ಟುಕೊಳ್ಳಬೇಕಿದ್ದ ಹದಿನಾಲ್ಕು ಪ್ಲೇಗಳನ್ನು ನಾಲ್ಕಕ್ಕೆ ಇಳಿಸಿದ್ದು.

ಸೀಸನ್ನಿನಲ್ಲಿ ಎರಡು ಮ್ಯಾಚ್ ಗೆದ್ದೆವು. ಜಾಸ್ತಿ ಏನಲ್ಲ.

ಕೊನೆಯ ವಾರ ಇಬ್ಬರು ಹೊಸ ಹುಡುಗರು ಬಂದರು. ತೋರಿಸೋಣ ಅಂತ ಬಗ್ಗಿದೆ, ಮೊಣಕಾಲು ಲಟಕ್ ಅಂತು. "ನೀನೇ ಹೇಳಿಕೊಡು" ಅಂತ ಆ ಮೀನು ಹುಡುಗನನ್ನು ಮುಂದೆ ಕಳಿಸಿದೆ. ಅವನು ನನ್ನ ಮೆಟ್ಟಿಲು ಮೆಟ್ಟಿಲಾದ ಪಾಠ ಯಾವುದನ್ನೂ ಹೇಳಲಿಲ್ಲ. ಎದುರಿಗಿದ್ದವನ ಹೊಕ್ಕುಳ ಕಡೆ ಬೆರಳು ತೋರಿಸಿ, "ಅವನು ಇದನ್ನ ಬಿಟ್ಟು ಎಲ್ಲಿಗೂ ಹೋಗೋಕಾಗಲ್ಲ" ಅಂದ.

ನೋಟ್‌ಬುಕ್ ತೆಗೆದು ಬರೆದುಕೊಂಡೆ.