ಹಳೇ ಗೊಂಬೆಗೆ ಹೊಸ ಬಣ್ಣ ಹಚ್ಚೋ ಮುಂಚೆ: ನನ್ನ ಅನುಭವ

ಐದು ವರ್ಷದ ಹಿಂದೆ, ನವರಾತ್ರಿಗೆ ಇನ್ನೂ ಎಂಟು ದಿನ ಇರುವಾಗ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಲಾಫ್ಟಿನಿಂದ ಗೊಂಬೆ ಪೆಟ್ಟಿಗೆ ಇಳಿಸಿದೆ. ಪಟ್ಟದ ಗೊಂಬೆ ರಾಜನನ್ನು ಎತ್ತಿದರೆ ಕೆಳಗಿನ ಬಟ್ಟೆ ಮೇಲೆ ಒಂದು ಚಿಟಿಕೆ ಹಿಟ್ಟು. ಕಡಲೆಹಿಟ್ಟಿನ ಹಾಗೆ ನಯ, ತಿಳಿ ಹಳದಿ. ಸುಮ್ನೆ ಧೂಳು ಅಂದುಕೊಂಡು ಕೊಡವಿದೆ. ಮಾರನೇ ದಿನ ನೋಡಿದರೆ ಮತ್ತೆ ಅಷ್ಟೇ ಹಿಟ್ಟು. ಆಗ ಗೊತ್ತಾಯಿತು, ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ. ಬೆನ್ನಿನ ಕಡೆ, ಅಂಗವಸ್ತ್ರದ ಕೆಳಗೆ, ಗುಂಡುಸೂಜಿ ತಲೆಯಷ್ಟು ಹನ್ನೊಂದು ತೂತು.

ಈ ರಾಜ-ರಾಣಿ ಜೋಡಿ 1968ರಲ್ಲಿ ಅಮ್ಮನ ಮದುವೆಗೆ ಅಜ್ಜಿ ಮೈಸೂರಿನಲ್ಲಿ ಕೊಡಿಸಿದ್ದು. ಪಟ್ಟದ ಗೊಂಬೆ ಅಂದರೆ ರಕ್ತಚಂದನ ಅಂತಾರೆ, ಅಂಥ ಗಟ್ಟಿ ಮರಕ್ಕೆ ಹುಳ ಹಿಡಿಯೋದು ಕಡಿಮೆ. ನಮ್ಮದು ಹಗುರವಾದ ಸಾದಾ ಮರ, ಮೇಲೆ ಬಣ್ಣ.

ಔಷಧಿ ಚುಚ್ಚಿದರೆ ಅದರ ಎಣ್ಣೆ ಒಳಗಿನಿಂದ ಬಣ್ಣಕ್ಕೆ ಇಳಿದು ಕಲೆ ಆಗುತ್ತೇನೋ ಅಂತ ಭಯ. ಮ್ಯೂಸಿಯಂಗಳಲ್ಲಿ ಹುಳ ಬಿದ್ದ ಸಾಮಾನನ್ನು ತಣ್ಣಗೆ ಇಟ್ಟು ಹುಳ ಸಾಯಿಸುತ್ತಾರೆ ಅಂತ ಓದಿದ್ದೆ, ಅದನ್ನೇ ಮಾಡಿದೆ. ರಾಜನಿಗೆ ಹಳೇ ಮಲ್ ಬಟ್ಟೆ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ಗಾಳಿಯೆಲ್ಲ ಹೊರಗೆ ಹೋಗುವಷ್ಟು ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಗೆ 15 ದಿನ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ಮುಂಬೈ ಗಾಳಿಯ ತೇವ ಎಲ್ಲ ಹೋಗಿ ತಣ್ಣಗಿರೋ ಗೊಂಬೆ ಮೇಲೆ ಹನಿ ಹನಿಯಾಗಿ ಕೂರುತ್ತದೆ, ಬಣ್ಣ ಎದ್ದು ಬರುತ್ತದೆ. ಆ ವರ್ಷ ಮೇಲಿನ ಮೆಟ್ಟಿಲಲ್ಲಿ ರಾಣಿ ಒಬ್ಬಳೇ ಕೂತಿದ್ದಳು. ಅಮ್ಮ ಪಕ್ಕದ ಜಾಗ ಖಾಲಿ ಬಿಟ್ಟು ಅಲ್ಲಿ ಒಂದು ಕಳಶ ಇಟ್ಟರು.

ತೂತು ಮುಚ್ಚೋಕೆ ನಾನು ಫೆವಿಕಾಲ್ ಮುಟ್ಟಲಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ. ಮರದ ಹೊಟ್ಟು, ಗೋಣಿನಾರಿನ ಪುಡಿ ಸೇರಿಸಿ ಕಿಟ್ಟ ಅಂತ ಮಾಡಿ ಗೊಂಬೆ ಮೈಗೆಲ್ಲ ಹಚ್ಚುತ್ತಾರೆ, ಬಣ್ಣ ಅದಾದ ಮೇಲೆ. ನಾನು ಮಾಡೋದು ಅದರದೇ ಸಣ್ಣ ರೂಪ. ಒಂದು ಪಾವು ಹುಣಸೆ ಬೀಜ ಸಿಪ್ಪೆ ಬಿರಿಯುವ ತನಕ ಹುರಿದು, ಕುಟ್ಟಿ, ಸಿಪ್ಪೆ ತೆಗೆದು, ರಾತ್ರಿಯೆಲ್ಲ ನೆನೆಸಿಡಬೇಕು. ಬೆಳಿಗ್ಗೆ ಮಿಕ್ಸಿಯಲ್ಲಿ ಬೆಣ್ಣೆ ಹಾಗೆ ರುಬ್ಬಿ, ಜಾಸ್ತಿ ನೀರು ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಇದ್ದರೆ ಅರ್ಧ ಗಂಟೆಗೆ ಗಂಜಿಯಾಗಿ, ಆಮೇಲೆ ಸೌಟಿನಿಂದ ದಾರದ ಹಾಗೆ ಇಳಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಹಾರ್ಡ್‌ವೇರ್ ಅಂಗಡಿಯ ಚಾಕ್ ಪೌಡರ್, ನಯವಾದ ಮರದ ಹೊಟ್ಟು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ತರುತ್ತೇನೆ. ಈ ಅಂಟು ಹುಳಕ್ಕೂ ಬೂಸ್ಟಿಗೂ ಇಷ್ಟ. ಅದಕ್ಕೆ ಹಿಂದೆ ಪುಸ್ತಕ ಕಟ್ಟುವವರು ಹಾಕುತ್ತಿದ್ದ ಹಾಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಒಂದೇ ಚಿಟಿಕೆ. ಅದು ವಿಷ, ಕೈಗವಸು ಬೇಕೇ ಬೇಕು, ಪಾತ್ರೆ ಬೇರೆಯೇ ಇರಲಿ, ಮಕ್ಕಳಿರುವ ಮನೆಯಲ್ಲಿ ಹಾಕದಿದ್ದರೂ ನಡೆಯುತ್ತದೆ.

ಫೆವಿಕಾಲ್ ಯಾಕೆ ಬೇಡ ಅಂದರೆ, ಒಣಗಿದ ಮೇಲೆ ಅದು ಸುಲಭಕ್ಕೆ ಬಿಡಲ್ಲ. ಹುಣಸೆ ಅಂಟಾದರೆ ಒದ್ದೆ ಹತ್ತಿ ಇಟ್ಟು ಸ್ವಲ್ಪ ಹೊತ್ತು ಕಾದರೆ ಮೆತ್ತಗಾಗುತ್ತದೆ. ನಾನು ಮಾಡಿದ್ದು ತಪ್ಪಿದ್ದರೆ ನಾಳೆ ಇನ್ನೊಬ್ಬರು ತೆಗೆದು ಸರಿ ಮಾಡಬಹುದು. ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ, ರಾಣಿಯ ಮುಖ ಕೆಡಿಸಿ ಬಂದದ್ದು.

ಅದು ಇನ್ನೂ ಹಿಂದಿನ ಮಾತು, ಹನ್ನೆರಡು ವರ್ಷ ಆಗಿರಬೇಕು. ರಾಣಿಯ ಕೆನ್ನೆ ಬಣ್ಣ ಮಾಸಿತ್ತು, ಹುಬ್ಬು ಅಲ್ಲಲ್ಲಿ ಹೋಗಿತ್ತು. ಅಮ್ಮನಿಗೆ ಖುಷಿಯಾಗಲಿ ಅಂತ ಅವರು ಊರಿಗೆ ಹೋದಾಗ ಎನಾಮಲ್ ಪೇಂಟ್ ತಂದು ಮುಖಕ್ಕೆಲ್ಲ ಹೊಸದಾಗಿ ಹಚ್ಚಿಬಿಟ್ಟೆ. ಪಳಪಳ ಹೊಳೆಯುತ್ತಿತ್ತು. ಅಮ್ಮ ಬಂದು ನೋಡಿದರು, ಏನೂ ಅನ್ನಲಿಲ್ಲ. ನವರಾತ್ರಿ ದಿನ ರಾಣಿಗೆ ಸೀರೆ ಉಡಿಸುವಾಗ ಸೆರಗನ್ನು ಯಾವಾಗಲಿನ ಹಾಗೆ ಹಿಂದಕ್ಕೆ ಹಾಕದೆ ಹಣೆ ಮೇಲಿಂದ ಕಣ್ಣಿನ ತನಕ ಎಳೆದರು. ಮುಂದಿನ ವರ್ಷವೂ ಹಾಗೇ.

ಮೈ, ಕೈ, ಪೀಠ ಏನು ಬೇಕಾದರೂ ರಿಪೇರಿ ಮಾಡಿ, ಮುಖಕ್ಕೆ ಮಾತ್ರ ಹೊಸ ಬಣ್ಣ ಬೇಡ. ಮನೆಯವರು ಗೊಂಬೆಯನ್ನು ಗುರುತು ಹಿಡಿಯುವುದು ಮುಖದಿಂದಲೇ ಅಲ್ವಾ? ಬಣ್ಣ ಹೋದ ಕಡೆ ಚುಕ್ಕೆ ಚುಕ್ಕೆಯಾಗಿ, ಸೊನ್ನೆ ನಂಬರ್ ಬ್ರಷ್ಷಿನಲ್ಲಿ, ನೀರಲ್ಲಿ ಬಿಡುವ ಬಣ್ಣ ಇಟ್ಟರೆ ಸಾಕು. ಹಳೇ ಬಣ್ಣದ ಮೇಲೆ ಒಂದು ಚುಕ್ಕೆಯೂ ಹತ್ತಬಾರದು.

ಕೊಳೆ ತೆಗೆಯೋದೂ ಹಾಗೆಯೇ ನಿಧಾನದ ಕೆಲಸ. ಪರಿಣತರು ಎಷ್ಟೋ ಸಲ ಹತ್ತಿಗೆ ಎಂಜಲು ಹಚ್ಚಿ ಒರೆಸುತ್ತಾರೆ, ಎಂಜಲಿನಲ್ಲಿರುವ ಕಿಣ್ವಕ್ಕೆ ಕೊಳೆ ಬಿಡುತ್ತದೆ, ಬಣ್ಣಕ್ಕೆ ತೊಂದರೆ ಕಡಿಮೆ. ಆದರೆ ಆರತಿ ಎತ್ತುವ ಗೊಂಬೆಗೆ ಎಂಜಲು ಹೇಗೆ ಮುಟ್ಟಿಸೋದು? ನನ್ನ ಕೈಲಿ ಆಗಲಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಹತ್ತಿ ಕಡ್ಡಿ ಅದ್ದಿ, ಚೆನ್ನಾಗಿ ಹಿಂಡಿ, ಬೆನ್ನಿನ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಉರುಳಿಸಿಕೊಂಡು ಹೋಗುತ್ತೇನೆ, ಉಜ್ಜುವುದಿಲ್ಲ. ಕಡ್ಡಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಬೇಯಿಸದ ಮಣ್ಣಿನ ಗೊಂಬೆಗೆ ನೀರೇ ಬೇಡ, ಒಣ ಬ್ರಷ್ ಅಷ್ಟೇ. ಚನ್ನಪಟ್ಟಣದ ಗೊಂಬೆಗೆ ಸ್ಯಾನಿಟೈಸರ್, ಸ್ಪಿರಿಟ್ ಯಾವುದೂ ಬೇಡ. ಅದರ ಬಣ್ಣ ಅರಗಿನದು, ಸ್ಪಿರಿಟ್ಟಿಗೆ ಕರಗುತ್ತದೆ. ಕೊರೋನಾ ಸಮಯದಲ್ಲಿ ಮಗಳ ಕುದುರೆಯನ್ನು ಸ್ಯಾನಿಟೈಸರಿನಲ್ಲಿ ಒರೆಸಿ ನನ್ನ ಅಂಗೈಯೆಲ್ಲ ಕೆಂಪಾಗಿತ್ತು.

ರಾಜ ಸರಿಹೋದ ಮೇಲೆ ಮುಂಬೈಯ ಮಾಟುಂಗದಿಂದ ಒಬ್ಬೊಬ್ಬರೇ ತಮ್ಮ ಗೊಂಬೆ ತರಲು ಶುರು ಮಾಡಿದರು. ಅಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ 1926ರದ್ದು ಅಂದರೆ ನಮ್ಮವರು ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದಾರೆ ನೋಡಿ. ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಗೊಂಬೆಗಳೂ ಬಂದಿವೆ. ಒಬ್ಬರು ಅಜ್ಜಿ ಶೆಟ್ಟಿ ಗೊಂಬೆ ತಂದರು, ಶೆಟ್ಟಿತಿ ಒಡೆದು ಹೋಗಿ ಎಷ್ಟೋ ವರ್ಷ ಆಗಿತ್ತಂತೆ. "ಇವನೊಬ್ಬನೇ ಅಂಗಡಿ ನೋಡಿಕೊಳ್ತಾನಮ್ಮ, ಜೊತೆಗೆ ಒಬ್ಬಳನ್ನ ಮಾಡಿಕೊಡು" ಅಂದರು.

ಹೊಸ ಗೊಂಬೆ ಮಾಡಿದ್ದು ಆಗಲೇ. ಹಳೇ ಪೇಪರ್ ಹರಿದು ಮೂರು ದಿನ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ, ಅದೇ ಹುಣಸೆ ಅಂಟು, ಚಾಕ್ ಪೌಡರ್ ಹಾಕಿ ನಾದಿದೆ. ಒಳಗೆ ತಂತಿ. ಒಂದೇ ಸಲ ದಪ್ಪ ಹಚ್ಚಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಮೊದಲ ಶೆಟ್ಟಿತಿಯ ಹೊಟ್ಟೆ ಹಾಗೇ ಸೀಳಿತು. ಎರಡನೆಯವಳನ್ನು ತೆಳು ಪದರಗಳಲ್ಲಿ, ಪದರಕ್ಕೆ ಎರಡು ದಿನ ಬಿಟ್ಟು ಕಟ್ಟಿದೆ. ಉಪ್ಪುಕಾಗದ ಹಾಕಿ ನಯ ಮಾಡಿ, ಮಂಗಲದಾಸ್ ಮಾರ್ಕೆಟಿನ ತುಂಡು ಖಣದಲ್ಲಿ ಸೀರೆ, ಭುಲೇಶ್ವರದಲ್ಲಿ ದೇವರ ಉಡುಪಿಗೆ ಮಾರುವ ಸಣ್ಣ ಜರಿ ಅಂಚು. ಮೂಗುತಿಗೆ ಒಂದು ಸಾಸಿವೆ ಕಾಳು ಅಂಟಿಸಿ ಚಿನ್ನದ ಬಣ್ಣ ಕೊಟ್ಟೆ. ಶೆಟ್ಟಿಯಷ್ಟು ಹಳೆಯವಳ ಹಾಗೆ ಕಾಣಲಿ ಅಂತ ಮಸಿ ಹಚ್ಚಲಿಲ್ಲ. ಅವಳು ಹೊಸಬಳು, ಹೊಸಬಳ ಹಾಗೇ ಇರಲಿ ಅನ್ನಿಸಿತು. ಪೀಠದ ಕೆಳಗೆ ಮಾಡಿದ ವರ್ಷ ಬರೆದಿದ್ದೇನೆ.

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡವೇ ಬೇಡ. ಅಂಟು ಒಣಗಲ್ಲ, ಬೂಸ್ಟು ಬರುತ್ತದೆ. ಹಬ್ಬ ಹತ್ತಿರ ಬಂತು ಅಂತ ಆಗಸ್ಟಿನಲ್ಲಿ ತರುವವರಿಗೆ ನಾನು ಇಲ್ಲ ಅನ್ನುತ್ತೇನೆ. ಸಂಕ್ರಾಂತಿ ಆದ ಮೇಲೆ ಶುರು, ಮೇ ಒಳಗೆ ಮುಗಿಯಬೇಕು. ಎತ್ತಿಡುವಾಗ ನ್ಯೂಸ್‌ಪೇಪರ್ ಸುತ್ತಬೇಡಿ, ಶಾಯಿ ಮುಖಕ್ಕೆ ಹತ್ತುತ್ತದೆ. ಗಂಜಿ ಹೋಗುವಂತೆ ಒಗೆದ ಹಳೇ ಹತ್ತಿ ಪಂಚೆ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದ ಮಧ್ಯೆ ಒಂದು ಸಲ, ಬಿಸಿಲಿರುವ ದಿನ, ಪೆಟ್ಟಿಗೆ ತೆಗೆದು ಕೆಳಗೆ ಹಿಟ್ಟು ಬಿದ್ದಿದೆಯಾ ನೋಡಿ.

ಹೋದ ಫೆಬ್ರವರಿಯಲ್ಲಿ ಧೈರ್ಯ ಮಾಡಿ ರಾಣಿಯನ್ನು ಮೇಜಿನ ಮೇಲೆ ತಂದೆ. ಹಳೇ ಬಣ್ಣದ ಮೇಲೆ ಆಗಿನವರು ಒಂದು ಕೋಟ್ ವಾರ್ನಿಷ್ ಕೊಟ್ಟಿದ್ದರು, ಆ ನುಣುಪಿನ ಮೇಲೆ ನನ್ನ ಎನಾಮಲ್ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಬದುಕಿಕೊಂಡೆ. ಭೂತಗನ್ನಡಿ, ಸರ್ಜರಿ ಬ್ಲೇಡು, ಟೇಬಲ್ ಲ್ಯಾಂಪು. ಬ್ಲೇಡನ್ನು ಮಲಗಿಸಿ ಹಿಡಿದು ಅಂಚು ಎಬ್ಬಿಸಿದರೆ ಸಾಸಿವೆಯಷ್ಟು ಚೂರು ಏಳುತ್ತದೆ, ಮತ್ತೆ ಒಂದು ಚೂರು. ದಿನಕ್ಕೆ ಒಂದು ಗಂಟೆ, ಅದಕ್ಕಿಂತ ಜಾಸ್ತಿ ಹೊತ್ತು ಕೈ ಸ್ಥಿರ ಇರಲ್ಲ. ಇಪ್ಪತ್ತೆರಡನೇ ದಿನ ಎಡಗಣ್ಣಿನ ಕಪ್ಪು ಗೆರೆ ಕಾಣಿಸಿತು, ಮೂಲೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿದ ಗೆರೆ. ನಾನು ಬರೆದ ಕಣ್ಣಿನಲ್ಲಿ ಆ ತಿರುವು ಇರಲೇ ಇಲ್ಲ. ಅಮ್ಮನನ್ನು ಕೂಗಿದೆ. ಅವರು ಕನ್ನಡಕ ಹಾಕಿಕೊಂಡು ಲ್ಯಾಂಪಿನ ಕೆಳಗೆ ತುಂಬಾ ಹೊತ್ತು ನೋಡಿದರು.

ಈ ಸಲದ ನವರಾತ್ರಿಗೆ ಎಡಗಡೆಯ ಸೆರಗನ್ನು ಅಮ್ಮನೇ ಕಿವಿಯ ಹಿಂದಕ್ಕೆ ಪಿನ್ ಮಾಡಿದರು. ಬಲಗಣ್ಣು ಇನ್ನೂ ಎನಾಮಲ್ ಕೆಳಗೇ ಇದೆ. ಸಂಕ್ರಾಂತಿ ಕಳೆದ ಮೇಲೆ ಅದನ್ನು ಶುರು ಮಾಡುತ್ತೇನೆ.