ಫಿನಾಮಿನಾಲಜಿ ಶುರು ಮಾಡಲು ಒಂದು ಸ್ಟೀಲ್ ಲೋಟ ಸಾಕು

"ಸರ್, ಫಿನಾಮಿನಾಲಜಿಗೆ ಯಾವ ಪುಸ್ತಕದಿಂದ ಶುರು ಮಾಡಲಿ?" ಅಂತ ನನ್ನ ಹತ್ತಿರ ತತ್ವಶಾಸ್ತ್ರ ಕಲಿಯಲು ಬರುವವರು ಕೇಳುತ್ತಾರೆ. ಪುಸ್ತಕ ಆಮೇಲೆ, ಮೊದಲು ಒಂದು ಸ್ಟೀಲ್ ಲೋಟ ತಂದು ಎದುರಿಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಫಿನಾಮಿನಾಲಜಿ ಅಂದರೆ ಅನುಭವ ನಮಗೆ ಹೇಗೆ ಕಾಣುತ್ತದೋ ಹಾಗೇ ವರ್ಣಿಸುವ ತತ್ವಶಾಸ್ತ್ರದ ದಾರಿ, ಮಾಡಿ ನೋಡಬೇಕಾದ ವಿದ್ಯೆ. 1900–01ರಲ್ಲಿ ಈ ದಾರಿ ತೆರೆದ ತತ್ವಜ್ಞಾನಿ ಎಡ್ಮಂಡ್ ಹುಸರ್ಲ್ ಗಣಿತದಿಂದ ಬಂದವನು. ಅನುಭವ ಯಾಕೆ ಆಗುತ್ತದೆ ಅಂತ ವಿವರಿಸುವ ಮೊದಲು, ಅದು ಹೇಗಿದೆ ಅಂತ ಸರಿಯಾಗಿ ಬರೆದುಕೊಳ್ಳಬೇಕು ಅನ್ನುವುದು ಅವನ ಹಟ.

ಈಗ ಲೋಟ ನೋಡಿ, ಕಂಡದ್ದನ್ನು ಬರೆಯಿರಿ. ಬೆಳಕು ಕಣ್ಣಿಗೆ ಬಿತ್ತು, ಮೆದುಳು ಚಿತ್ರ ಮಾಡಿತು ಅಂತ ಬರೆದಿದ್ದರೆ ಆ ಸಾಲು ಹೊಡೆದುಹಾಕಿ. ಅದು ಸುಳ್ಳಲ್ಲ. ಆದರೆ ನೀವು ಕಂಡದ್ದಲ್ಲ, ಓದಿ ತಿಳಿದದ್ದು. ಲೋಟ ನಿಜವಾಗಿ ಅಲ್ಲಿದೆಯೋ ಇಲ್ಲವೋ ಅನ್ನುವುದನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಹುಸರ್ಲ್ ಇದನ್ನು 'ಎಪೊಖೆ' ಅನ್ನುತ್ತಾನೆ. ಜಗತ್ತನ್ನೇ ಅನುಮಾನಿಸಬೇಕು ಅಂದುಕೊಂಡು ತುಂಬ ಜನ ಇಲ್ಲಿ ಎಡವುತ್ತಾರೆ. ಅನುಮಾನ ಬೇಡ, ತೀರ್ಪು ಕೊಡದೆ ತಡೆದರೆ ಸಾಕು.

ಉಳಿದ ಸಾಲುಗಳನ್ನು ಓದಿ. ಕಣ್ಣಿಗೆ ಬಿದ್ದದ್ದು ಲೋಟದ ಒಂದು ಬದಿ ಮಾತ್ರ, ಅಲ್ವಾ? ಆದರೂ ನೀವು 'ಲೋಟ' ಅಂತಲೇ ಬರೆದಿರುತ್ತೀರಿ. ಮೆಲ್ಲಗೆ ತಿರುಗಿಸಿ. ಹಿಂದಿನ ಬದಿ ಮುಂದೆ ಬಂತು, ಮುಂದಿದ್ದದ್ದು ಮರೆಯಾಯಿತು, ಲೋಟ ಮಾತ್ರ ಅದೇ. ಹಿಂದೆ ದೊಡ್ಡ ತಗ್ಗು ಬಿದ್ದಿದ್ದರೆ ಒಂದು ಕ್ಷಣ ಬೆಚ್ಚುತ್ತೀರಿ. ಅಂದರೆ ಕಾಣದ ಬದಿಯೂ ಹೀಗೇ ಇರುತ್ತದೆ ಅಂತ ನಿಮ್ಮ ನೋಟ ಮೊದಲೇ ಕಾಯುತ್ತಿತ್ತು. ಯಾರೂ ಹೇಳಿಕೊಡದೆ ಇದು ನಡೆಯುತ್ತಲೇ ಇದೆ. ನನಗೆ ಇವತ್ತಿಗೂ ಇದು ಅಚ್ಚರಿಯೇ.

ಆಮೇಲೆ ಗೊತ್ತಿರುವ ಒಂದು ಹಾಡು ಹಾಕಿ, ಸಾಲಿನ ನಡುವೆ ನಿಲ್ಲಿಸಿ. ಕೇಳಿಸಿಕೊಂಡ ಸ್ವರ ಇನ್ನೂ ಹಿಡಿದುಕೊಂಡಿರುತ್ತದೆ, ಬರಬೇಕಾದ ಸ್ವರ ಆಗಲೇ ಎಳೆಯುತ್ತಿರುತ್ತದೆ. ಈ ಕ್ಷಣದ ಸ್ವರ ಒಂದೇ ಕೇಳುವಂತಿದ್ದರೆ ರಾಗವೇ ಇರುತ್ತಿರಲಿಲ್ಲ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಹುಸರ್ಲ್ ಕಾಲದ ಅನುಭವದ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಈ ರಾಗದ ಉದಾಹರಣೆ ಇದೆ. ಆ ಹಸ್ತಪ್ರತಿಗಳನ್ನು ಕಷ್ಟಪಟ್ಟು ಜೋಡಿಸಿದವಳು ಅವನ ಸಹಾಯಕಿ ಎಡಿತ್ ಸ್ಟೈನ್. 1928ರಲ್ಲಿ ಅಚ್ಚಾದಾಗ ಸಂಪಾದಕನಾಗಿ ಬಂದದ್ದು ಇನ್ನೊಬ್ಬ ಜರ್ಮನ್ ತತ್ವಜ್ಞಾನಿ ಮಾರ್ಟಿನ್ ಹೈಡೆಗರ್ ಹೆಸರು. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಹೈಡೆಗರ್ 1927ರ ತನ್ನ 'ಬೀಯಿಂಗ್ ಅಂಡ್ ಟೈಮ್' ಪುಸ್ತಕದಲ್ಲೇ ಬೇರೆ ದಾರಿ ಹಿಡಿದಿದ್ದ. ನಾವು ವಸ್ತುಗಳನ್ನು ದಿಟ್ಟಿಸಿ ನೋಡುವುದು ಕಡಿಮೆ, ಸುಮ್ನೆ ಬಳಸುತ್ತಿರುತ್ತೇವೆ ಅನ್ನುವುದು ಅವನ ಮಾತು. 1945ರಲ್ಲಿ ಫ್ರೆಂಚ್ ತತ್ವಜ್ಞಾನಿ ಮರ್ಲೊ-ಪಾಂಟಿ ದೇಹದ ಕಡೆ ತಿರುಗಿದ. ಲೋಟಕ್ಕೆ ಕೈ ಚಾಚಿ ನೋಡಿ. ಮುಟ್ಟುವ ಮೊದಲೇ ಬೆರಳುಗಳು ಅದರ ಗಾತ್ರಕ್ಕೆ ಬಾಗಿರುತ್ತವೆ.

ಈಗ ಪುಸ್ತಕ. ಹುಸರ್ಲನ 1913ರ ದೊಡ್ಡ ಗ್ರಂಥ 'ಐಡಿಯಾಸ್'ಗೆ ಈಗಲೇ ಕೈ ಹಾಕಬೇಡಿ, ಸುಸ್ತಾಗುತ್ತದೆ. ಮರ್ಲೊ-ಪಾಂಟಿಯ 1945ರ ಪುಸ್ತಕ 'ಫಿನಾಮಿನಾಲಜಿ ಆಫ್ ಪರ್ಸೆಪ್ಶನ್'ನ ಮುನ್ನುಡಿ ಮೊದಲು, ಹುಸರ್ಲನ ಆ ಕಾಲದ ಅನುಭವದ ಉಪನ್ಯಾಸಗಳು ಆಮೇಲೆ. ಒಂದೊಂದು ಪ್ಯಾರಾ ಓದಿದ ಮೇಲೂ ನಿಮ್ಮ ಲೋಟದ ಸಾಲುಗಳ ಜೊತೆ ಇಟ್ಟು ನೋಡಿ. ತಾಳೆಯಾಗದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮತ್ತೆ ಲೋಟ ತಿರುಗಿಸಿ.